ಬೋರಲು ಮಲಗಿದ ದಳವಾಯಿ

ನಿಂತ ಕಲ್ಲನ್ನು ಕೀಳುವುದು ಸುಲಭ, ಬೋರಲು ಬಿದ್ದ ಕಲ್ಲನ್ನು ಎತ್ತುವುದು ಕಷ್ಟ. ನಿಂತ ಕಲ್ಲಿನ ಮುಖ ಕಣ್ಣೆದುರಿಗೇ ಇರುತ್ತದೆ. ಬೆಲ್ಟು ಎಲ್ಲಿ ಹಾಕಬೇಕು, ಗೋಣಿಚೀಲ ಎಲ್ಲಿ ಕೊಡಬೇಕು ಎಂದು ನೋಡಿದರೆ ತಿಳಿಯುತ್ತದೆ. ಬೋರಲು ಬಿದ್ದದ್ದರ ಕೆಳಗೆ ಕೆತ್ತನೆ ಇದೆಯೋ, ಬಿರುಕಿದೆಯೋ, ಹಾವಿದೆಯೋ ಯಾರಿಗೆ ಗೊತ್ತು? ರಸ್ತೆ ಅಗಲ ಮಾಡುವಾಗ, ಕೆರೆ ಹೂಳೆತ್ತುವಾಗ ಅಡ್ಡ ಬಂದ ವೀರಗಲ್ಲು, ಶಾಸನದ ಕಲ್ಲುಗಳನ್ನು ಮುಕ್ಕಾಗದಂತೆ ಎತ್ತಿ ಬೇರೆ ಕಡೆ ನಿಲ್ಲಿಸುವುದು ನನ್ನ ಕೆಲಸ. ಅದರಲ್ಲಿ ನನಗೆ ಒಂದಿಷ್ಟು ಹೆಸರಿತ್ತು. ಇತ್ತು ಎಂದು ಯಾಕೆ ಬರೆದೆ ಎನ್ನುವುದು ಮುಂದೆ ತಿಳಿಯುತ್ತದೆ.

ಹೋದ ವರ್ಷ ಬೇಸಿಗೆಯ ಕೊನೆಗೆ ತೊಂಡೇಬಾವಿ ಕಡೆಯ ಒಂದು ಊರಿನಿಂದ ಸುಬೇದಾರರು ಗೌರಿಬಿದನೂರಿನ ನಮ್ಮ ಶೆಡ್ಡಿಗೆ ಬಂದರು. ಸೇನೆಯಿಂದ ನಿವೃತ್ತರಾಗಿ ಬಂದು ಜಮೀನು ನೋಡಿಕೊಂಡಿದ್ದವರು. ಆ ಊರಿನ ದೊಡ್ಡ ಮನೆತನ ಅವರದು. ಊರುಗಳ ಹೆಸರು ಬರೆಯುವುದಿಲ್ಲ. ಸುಬೇದಾರರದು ಮೇಲಿನ ಊರು, ಕೆರೆಯ ಕೆಳಗೆ ಇರುವುದು ಕೆಳಗಿನ ಊರು ಎಂದುಕೊಂಡರೆ ಸಾಕು.

ಅವರ ವಂಶದ ಹಿರೀಕ ಪಾಳೇಗಾರರ ಕಾಲದ ಒಬ್ಬ ದಳವಾಯಿ, ದಂಡಿನ ಮುಖಂಡ. ಮೇಲಿನ ಊರಿನಲ್ಲಿ ಅವನಿಗೆ ವರ್ಷಕ್ಕೊಮ್ಮೆ ಪೂಜೆ. ಕೆರೆ ಕಟ್ಟಿಸಿದವನು, ಶತ್ರು ದಂಡಿಗೆ ಎದೆ ಕೊಟ್ಟವನು ಎಂದು ಮಕ್ಕಳಿಗೂ ಬಾಯಿಪಾಠ. ಈಗ ರಸ್ತೆ ಬದಿಯಲ್ಲಿ ಅವನಿಗೊಂದು ಮಂಟಪ ಕಟ್ಟಿಸಿದ್ದರು. ಮಂಟಪದಲ್ಲಿ ನಿಲ್ಲಿಸಬೇಕಾದ ವೀರಗಲ್ಲು ಮಾತ್ರ ಕೆಳಗಿನ ಊರಿನ ನೀರಿನ ಕುಂಟೆಯ ದಡದಲ್ಲಿ ಬೋರಲು ಬಿದ್ದಿತ್ತು. ಆ ಊರಿನವರು ಅದರ ಬೆನ್ನ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಬಟ್ಟೆ ಅಂದ್ರೆ ಎಂಥ ಬಟ್ಟೆ ಅಂತ ಕೇಳಿ," ಎಂದರು ಸುಬೇದಾರರು. ಅವರ ಮುಖ ಕೆಂಪಾಗಿತ್ತು. "ಹೆಣದ ಮನೆ ಬಟ್ಟೆ. ಮೈಲಿಗೆ ಬಟ್ಟೆ. ದಿನಾ ಒಗೆಯೋದಕ್ಕೆ ಬೇರೆ ಕಲ್ಲೈತೆ. ಸತ್ತೋರ ಬಟ್ಟೆ ಮಾತ್ರ ಹನ್ನೊಂದನೇ ದಿನ ನಮ್ಮ ದಳವಾಯಿ ಬೆನ್ನಿನ ಮೇಲೆ ಬಡಿತಾರೆ. ಹೊಟ್ಟೆ ಉರಿಯಲ್ವೇನಪ್ಪ?"

ಯಾರಿಗಾದರೂ ಉರಿಯುತ್ತದೆ. ಕೆಲಸ ಒಪ್ಪಿಕೊಂಡೆ. ಕುಂಟೆಯ ದಡ ಸರ್ಕಾರಿ ಜಾಗ, ಎತ್ತಲು ಅನುಮತಿಯನ್ನು ಅವರೇ ತಂದಿದ್ದರು.

ಕೆಳಗಿನ ಊರಿನ ಮಾತು ಬೇರೆಯೇ ಇತ್ತು. ಅದನ್ನು ನನಗೆ ಹೇಳಿದ್ದು ಆ ಊರಿನ ಅಂಗನವಾಡಿ ಟೀಚರು. ಮೊದಲ ಸಲ ಕಲ್ಲು ನೋಡಲು ಹೋದಾಗ ಮಕ್ಕಳಿಗೆ ಊಟ ಬಡಿಸಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕುಂಟೆಯ ಹತ್ತಿರ ಬಂದರು. ನಲವತ್ತು ದಾಟಿದ, ಮಾತಿನಲ್ಲಿ ಗಟ್ಟಿಯಾದ ಹೆಂಗಸು.

"ಎತ್ತಕ್ಕೆ ಬಂದ್ರಾ? ಎತ್ತೋಕೆ ಮುಂಚೆ ಯಾಕೆ ಬೋರಲು ಹಾಕಿದ್ರು ಅಂತ ಕೇಳ್ಕೊಂಡು ಎತ್ತಿ ಅಣ್ಣ," ಎಂದರು.

ಯುದ್ಧದ ಕಾಲದಲ್ಲಿ ಕೆಳಗಿನ ಊರಿನವರು ಎದುರು ದಂಡಿಗೆ ರಾಗಿ ಕೊಟ್ಟರೆಂದು ದಳವಾಯಿ ಊರಿಗೆ ನುಗ್ಗಿದನಂತೆ. ಗಂಡಸರು ಗುಡ್ಡಕ್ಕೆ ಓಡಿದರು. ಹೆಂಗಸರು, ಮಕ್ಕಳು ಹಗೇವಿಗೆ ಇಳಿದು ಕೂತರು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಕೊಡದ ಹಾಗೆ ಬಾಯಿ ಚಿಕ್ಕದು, ಒಬ್ಬರು ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ದಳವಾಯಿ ಅದರ ಬಾಯಿಗೆ ಹುಲ್ಲು ತುರುಕಿಸಿ ಬೆಂಕಿ ಹಾಕಿಸಿದನಂತೆ. ಗೆದ್ದದ್ದಕ್ಕೆ ಗುರುತಾಗಿ ಮುಂದೆ ಅವನ ಕಡೆಯವರು ಇದೇ ದಡದಲ್ಲಿ ಅವನ ಕಲ್ಲು ನಿಲ್ಲಿಸಿದರು. ಪಾಳೇಪಟ್ಟು ಹೋದ ಮೇಲೆ ಊರಿನವರು ಅದನ್ನು ಕೆಡವಿ ಬೋರಲು ಹಾಕಿದರು.

"ಅವತ್ತಿಂದ ನಮ್ಮೂರಲ್ಲಿ ಯಾರೂ ಹಗೇವು ತೋಡಿಲ್ಲ. ಮದುವೆ ಆಗಿ ಬಂದ ಸೊಸೆಗೆ ಅತ್ತೆ ಹೇಳೋ ಮೊದಲನೇ ಮಾತೇ ಅದು," ಎಂದರು ಟೀಚರು.

ನಾನು ಇದನ್ನು ಸುಬೇದಾರರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ಹಗೇವು ಇಲ್ಲ ಅನ್ನೋದೇ ಪುರಾವೆನಾ? ನಮ್ಮನೇಲಿ ಆನೆ ಇಲ್ಲ. ಹಂಗಾರೆ ನಮ್ಮ ತಾತ ಆನೆ ಕೊಂದಿದ್ನಾ?" ಆಮೇಲೆ ನಗು ನಿಲ್ಲಿಸಿ, "ನಾನೂ ದಂಡಲ್ಲಿ ಇದ್ದೋನು ಕಣಪ್ಪ. ಸೋತೋರು ಗೆದ್ದೋರ ಮೇಲೆ ಕಥೆ ಕಟ್ಟೋದನ್ನ ಎಲ್ಲಾ ಕಡೆ ನೋಡಿದೀನಿ. ಒಂದು ಗುರುತು ತೋರಿಸಲಿ. ಒಂದೇ ಒಂದು. ಆಗ ನಾನೇ ತಲೆ ಬಗ್ಗಿಸ್ತೀನಿ," ಎಂದರು.

ನನಗೂ ಅವರ ಮಾತೇ ಸರಿ ಎನ್ನಿಸಿತು. ಕಲ್ಲಿನ ಕೆಲಸದವನಿಗೆ ಬಾಯಿಮಾತಿನಲ್ಲಿ ನಂಬಿಕೆ ಕಡಿಮೆ. ಊರಿಗೊಂದು ಕಥೆ, ಕಥೆಗೊಂದು ಕಲ್ಲು.

ಚಪ್ಪಡಿ ಆಳುದ್ದಕ್ಕಿಂತ ಹೆಚ್ಚಿತ್ತು. ಕುಂಟೆಯ ಕಡೆ ಮಣ್ಣು ಕೊಚ್ಚಿ ಹೋಗಿ ಅದರ ಅಂಚು ಹೊರಗೆ ಚಾಚಿತ್ತು. ಅಡಿಗೆ ಕೈ ಹಾಕಿದರೆ ಕುದುರೆಯ ಗೊರಸು ಬೆರಳಿಗೆ ತಾಗುತ್ತಿತ್ತು. ಇನ್ನೊಂದು ತುದಿಯ ಹತ್ತಿರ ಕಲ್ಲಿಗೆ ಆರಪಾರ ಒಂದು ತೂತು, ಹೆಬ್ಬೆರಳು ಹೋಗುವಷ್ಟು. ಅದಕ್ಕೆ ಬೆಣಚುಕಲ್ಲಿನ ಬಿರಡೆ. ಕೊಕ್ಕೆ ಹಾಕಲು ಒಳ್ಳೆಯದಾಯಿತು ಎಂದುಕೊಂಡು ನಾನು ಬಿರಡೆ ಕೀಳಲು ಹೋದೆ. ಟೀಚರು ಬಂದು ಕೈ ಅಡ್ಡ ಹಿಡಿದರು.

"ಅದನ್ನ ಹನ್ನೊಂದನೇ ದಿನ ಬಿಟ್ರೆ ತೆಗೆಯಂಗಿಲ್ಲ ಅಣ್ಣ. ಬಟ್ಟೆ ಒಗೆಯೋಕೆ ಮುಂಚೆ ಅದರೊಳಕ್ಕೆ ಒಂದು ಕೊಡ ಒಳ್ಳೇ ನೀರು ಬಿಡ್ತೀವಿ."

"ಯಾಕಮ್ಮ?"

"ಒಳಗಿರೋರಿಗೆ."

ಅದೊಂದು ಮಾತಿನ ಪದ್ಧತಿ ಎಂದುಕೊಂಡೆ. ದೇವರಿಗೆ ಎಂದು ಹೇಳಿ ನಾವೇ ತಿನ್ನುವುದಿಲ್ಲವೇ, ಹಾಗೆ.

ಕುಂಟೆಯ ದಡ ಮೆತ್ತಗಿದ್ದದ್ದರಿಂದ ಕ್ರೇನು ತರಲಾಗಲಿಲ್ಲ. ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಕೈಯಿಂದಲೇ ಎತ್ತಬೇಕು. ಸಾಮಾನು ಇಳಿಸಿದ ದಿನವೇ ಟೀಚರ ತಾಯಿ ತೀರಿಕೊಂಡರು. ಸಂಜೆ ಟೀಚರು ಅತ್ತು ಊದಿದ ಮುಖದಲ್ಲಿ ಕುಂಟೆಗೆ ಬಂದರು.

"ಹನ್ನೊಂದನೇ ದಿನದವರೆಗೂ ಬಿಡಿ ಅಣ್ಣ. ನಮ್ಮಮ್ಮನ ಸೀರೆ ಒಗೆದು, ನೀರು ಬಿಟ್ಟಾದ ಮೇಲೆ ಏನಾದ್ರೂ ಮಾಡ್ಕೊಳ್ಳಿ. ನಮ್ಮಮ್ಮನೇ ಆ ಕಲ್ಲಿಗೆ ಎಷ್ಟು ಜನಕ್ಕೋಸ್ಕರ ನೀರು ಹೊತ್ತವಳೆ. ಅವಳ ಪಾಲಿಗೆ ಇಲ್ಲ ಅಂದ್ರೆ ನಾನು ಹೆಂಗೆ ತಡ್ಕೊಳ್ಳಲಿ?"

ಸುಬೇದಾರರಿಗೆ ಫೋನು ಮಾಡಿದೆ. ಮಂಟಪದ ಪೂಜೆ ಅದಕ್ಕೆ ಮುಂಚೆಯೇ ಇತ್ತು. ಆಮಂತ್ರಣ ಹಂಚಿ, ಶಾಮಿಯಾನಕ್ಕೆ ಹೇಳಿ ಎಲ್ಲ ಆಗಿತ್ತು. "ಆಗಲ್ಲಪ್ಪ. ಬೇಕಾದ್ರೆ ಅದೇ ಅಳತೇದು ಹೊಸ ಚಪ್ಪಡಿ ಹಾಕ್ಸಿ ಕೊಡ್ತೀನಿ, ಅದರ ಮೇಲೆ ಒಗೀಲಿ," ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗ ಹೊತ್ತವನು ನಾನು. ಹೊಸ ಚಪ್ಪಡಿಯ ಮಾತನ್ನು ಟೀಚರಿಗೆ ಹೇಳಿದೆ. ಅವರು ಬೈಯಲಿಲ್ಲ. ನನ್ನನ್ನೇ ನೋಡಿ ಎದ್ದು ಹೋದರು. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಕೆಳಗಿನ ಊರಿನ ಹಿರಿಯರು ಒಂದೇ ಷರತ್ತು ಹಾಕಿದರು. ಎತ್ತುವಾಗ ಮೇಲಿನ ಊರಿನಿಂದ ಒಬ್ಬರು ಮಾತ್ರ ಬರಬೇಕು, ಮೆರವಣಿಗೆ, ಪಟಾಕಿ ಕೂಡದು. ಸುಬೇದಾರರು ತಾವೊಬ್ಬರೇ ಬರುವುದಾಗಿ ಒಪ್ಪಿದರು. ಎತ್ತುವ ದಿನ ಕೆಳಗಿನ ಊರಿನವರು ನೋಡಲು ಮನಸ್ಸಿಲ್ಲದೆ ಮನೆಯಲ್ಲೇ ಉಳಿದರು. ಟೀಚರು ಮಾತ್ರ ದೂರದಲ್ಲಿ ಹೊಂಗೆ ಮರದ ಬುಡದಲ್ಲಿ ಬಂದು ಕೂತರು.

ಬೆಳಿಗ್ಗೆ ಮುಕ್ಕಾಲಿ ನಿಲ್ಲಿಸಿದೆವು. ನನ್ನ ಜೊತೆ ಇದ್ದದ್ದು ಚಿಂತಾಮಣಿ ಕಡೆಯ ಒಬ್ಬ ಮೇಸ್ತ್ರಿ. ಎರಡು ಕಾಲು ಗಟ್ಟಿ ನೆಲದಲ್ಲಿ ಕೂತವು. ಮೂರನೆಯದು ತೂತಿನ ಕಡೆ ಇತ್ತು. ಭಾರ ಬೀಳುವ ಮುನ್ನವೇ ಒಂದು ಗೇಣು ಇಳಿಯಿತು. ಮೇಸ್ತ್ರಿ ಕಾಲನ್ನು ಪಕ್ಕಕ್ಕೆ ಸರಿಸಿದ, ಅಲ್ಲಿಯೂ ಇಳಿಯಿತು. ಅವನು ಹಾರೆ ತೆಗೆದುಕೊಂಡು ಚಪ್ಪಡಿಯ ಸುತ್ತ ಕುಟ್ಟುತ್ತಾ ಬಂದ. ಕುಂಟೆಯ ಕಡೆ ಗಟ್ಟಿ ಸದ್ದು. ಈ ಕಡೆ ಬಂದಾಗ ಸದ್ದು ಮಡಕೆಯ ಮೇಲೆ ಕುಟ್ಟಿದ ಹಾಗೆ ಬಂತು.

"ಅಣ್ಣೋ, ಲೋಪಲ ಖಾಲಿ. ಕೆಳಗೆ ಏನೂ ಇಲ್ಲ, ನೋಡ್ಕೋ," ಎಂದ.

ಬಿರಡೆ ತೆಗೆದು ಒಂದು ಚೊಂಬು ನೀರು ಬಿಟ್ಟೆ. ತುಂಬಿ ಮೇಲೆ ಬರಲಿಲ್ಲ. ಇನ್ನೊಂದು ಬಿಟ್ಟೆ, ಅದನ್ನೂ ನುಂಗಿತು. ಒಂದು ಊರು ತಲೆತಲಾಂತರದಿಂದ ಆ ತೂತಿಗೆ ಕೊಡಗಟ್ಟಲೆ ನೀರು ಸುರಿದಿದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿಕೊಂಡಿರಲಿಲ್ಲ. ಕೊಕ್ಕೆಗೆ ಜಾಗ ಸಿಕ್ಕಿತಲ್ಲ ಎಂಬುದಷ್ಟೇ ನನಗೆ ಕಂಡಿತ್ತು.

ಸುಬೇದಾರರು ಕೈ ಹಿಂದೆ ಕಟ್ಟಿ ನಿಂತಿದ್ದರು.

ಮುಕ್ಕಾಲಿಯ ಕಾಲುಗಳನ್ನು ಇನ್ನೂ ಅಗಲಿಸಿ, ಟೊಳ್ಳಿಲ್ಲದ ಕಡೆ ದಪ್ಪ ಮರದ ತೊಲೆ ಹಾಸಿ ನಿಲ್ಲಿಸಿದೆವು. ಚಪ್ಪಡಿಯ ಎರಡೂ ಪಕ್ಕ ಮಣ್ಣು ಕೆರೆದು, ಗೋಣಿ ಸುತ್ತಿದ ಬೆಲ್ಟನ್ನು ತೂತಿನ ಕಡೆಯ ತುದಿಗೆ ತೂರಿಸಿದೆವು. ಕುಂಟೆಯ ಕಡೆಯ ಅಂಚು ನೆಲದಲ್ಲೇ ಇರಬೇಕು, ಈ ತುದಿ ಮಾತ್ರ ಮೇಲೇಳಬೇಕು. ಚೈನು ಎಳೆದಷ್ಟೂ ಒಂದೊಂದು ಮರದ ತುಂಡು ಅಡಿಗೆ ಕೊಡುತ್ತಾ ಹೋದೆವು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಪೆಟ್ಟಿಗೆಯ ಮುಚ್ಚಳದಂತೆ ತೆರೆದು ನಿಂತಿತು.

ಅಷ್ಟು ಚೆಂದದ ವೀರಗಲ್ಲನ್ನು ನಾನು ನೋಡಿಲ್ಲ. ಗಾಳಿ ಮಳೆ ತಾಗದೆ ಮಲಗಿತ್ತಲ್ಲ, ಶಿಲ್ಪಿ ನಿನ್ನೆ ತಾನೇ ಉಳಿ ಕೆಳಗಿಟ್ಟಂತಿತ್ತು. ಕುದುರೆ, ಎತ್ತಿದ ಕತ್ತಿ, ಹುರಿಮೀಸೆ, ತೆರೆದ ಕಣ್ಣು. ತೂತು ಅವನ ಎದೆಯ ನಡುವೆ ಬಂದಿತ್ತು. ಸುಬೇದಾರರು ಹತ್ತಿರ ಬಂದು ಆ ಮುಖ ನೋಡಿದರು. ಅವರ ಮೂಗೂ ಅದೇ, ಹಣೆಯೂ ಅದೇ. ಕಣ್ಣಲ್ಲಿ ನೀರು ಬಂತು ಅವರಿಗೆ. ನಾನು ಆ ಕಡೆ ತಿರುಗಿ ನಿಂತೆ.

ಆಗ ಕೆಳಗೆ ನೋಡಿದ್ದು. ದಳವಾಯಿಯ ಮುಖ ಇದ್ದ ಜಾಗಕ್ಕೆ ಸರಿಯಾಗಿ ಕೆಳಗೆ, ಗುಂಡಗೆ, ಒಂದು ಹಗೇವಿನ ಬಾಯಿ.

ಹಳೆ ಹಗೇವಿಗೆ ತಟ್ಟನೆ ತಲೆ ಹಾಕಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದೆವು, ಅರ್ಧಕ್ಕೆ ಹೋಗಿ ಆರಿತು. ಗೋಣಿ ಬೀಸಿ ಗಾಳಿ ಹೊಡೆದು, ಕಾದು, ಮತ್ತೆ ಇಳಿಸಿದಾಗ ಉರಿಯುತ್ತಲೇ ಇತ್ತು. ಆಮೇಲೆ ಮೊಬೈಲಿನ ಬೆಳಕು ಹಾಕಿ, ಬಾಯಿಯ ಪಕ್ಕ ಬೋರಲು ಮಲಗಿ ನಾನು ನೋಡಿದೆ.

ಗಟ್ಟಿ ಮೊರಂಪು ನೆಲದಲ್ಲಿ ತೋಡಿದ ಹಗೇವು. ಬಾಯಿಯ ಸುತ್ತಲ ಮಣ್ಣು ಇಟ್ಟಿಗೆಯ ಹಾಗೆ ಬೆಂದು ಕೆಂಪಾಗಿತ್ತು. ಅದರ ಕೆಳಗೆ ಗೋಡೆಯೆಲ್ಲ ಮಸಿ. ತಳದಲ್ಲಿ ಹೂಳು, ಅದರ ಮೇಲೆ ನಾನು ಆಗ ತಾನೇ ಸುರಿದ ನೀರು. ಹೂಳಿನೊಳಗೆ ಏನಿದೆ ಎಂದು ನಾನು ಹುಡುಕಲಿಲ್ಲ.

ಗೋಡೆಯಲ್ಲಿ ಒಂದರ ಮೇಲೊಂದು ಗುಳಿಗಳಿದ್ದವು. ಕಾಲು ಇಟ್ಟು ಹತ್ತುವುದಕ್ಕೆ. ಇದರಲ್ಲಿ ವಿಶೇಷವೇನಿಲ್ಲ, ಎಷ್ಟೋ ಹಗೇವಿನಲ್ಲಿ ಇರುತ್ತವೆ. ಆದರೆ ಗುಳಿ ತೋಡಿದ ಗೀರು ಓದಲು ನನಗೆ ಬರುತ್ತದೆ. ಮೇಲಿನಿಂದ ತೋಡುತ್ತಾ ಇಳಿದವನ ಏಟು ಕೆಳಮುಖವಾಗಿ ಬೀಳುತ್ತದೆ, ಗುಳಿಯ ಮೇಲಂಚಿನಲ್ಲಿ ಶುರುವಾಗಿ ಕೆಳಗೆ ಆಳವಾಗುತ್ತದೆ. ಇಲ್ಲಿ ಗೀರುಗಳು ಕೆಳಗಿನಿಂದ ಮೇಲಕ್ಕೆ ಹೋಗಿದ್ದವು. ಗುದ್ದಲಿಯದ್ದಲ್ಲ, ಉಳಿಯದ್ದೂ ಅಲ್ಲ. ಸಣ್ಣಗೆ, ಒತ್ತೊತ್ತಾಗಿ, ಸೌಟಿನದ್ದೋ ಬಳೆಯದ್ದೋ. ಕೆಳಗಿನ ಗುಳಿಗಳು ಆಳವಾಗಿದ್ದವು, ಮೇಲೆ ಬಂದಂತೆ ತೆಳುವಾಗಿದ್ದವು. ಮಸಿ ಗುಳಿಗಳ ಒಳಗೂ ಹತ್ತಿತ್ತು, ಮೇಲಿನದರ ಒಳಗೆ ಮಾತ್ರ ಅರ್ಧ ಇತ್ತು, ಅರ್ಧ ಇರಲಿಲ್ಲ. ಹೊಗೆ ತುಂಬುತ್ತಿರುವಾಗಲೇ ಯಾರೋ ತೋಡುತ್ತಾ ಮೇಲೆ ಬಂದಿದ್ದರು.

ಎದ್ದು ಕೂತು ಸುಬೇದಾರರಿಗೆ ಎಲ್ಲವನ್ನೂ ಹೇಳಿದೆ. ಗುರುತು ಕೇಳಿದವರು ಅವರೇ ಅಲ್ಲವೇ.

"ಸರ್ಕೊಳ್ಳಿ, ನಾನೇ ನೋಡ್ತೀನಿ," ಎಂದರು.

ಬಿಳಿ ಅಂಗಿಯಲ್ಲೇ ಮಣ್ಣಿನ ಮೇಲೆ ಮಲಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಲಗೈಯನ್ನು ಒಳಗೆ ಇಳಿಬಿಟ್ಟರು. ಅವರ ಬೆರಳು ಮೇಲಿನ ಗುಳಿಗೆ ತಾಗಿತು. ಅವರು ಕೈ ತೆಗೆಯಲಿಲ್ಲ.

"ಕೈಗೆ ಸಿಗ್ತದೆ ಕಣಪ್ಪ," ಎಂದರು. ಧ್ವನಿ ಹಗೇವಿನೊಳಗಿಂದ ಬಂದಂತೆ ಕೇಳಿಸಿತು. "ಒಬ್ಬ... ಮೇಲೆ ನಿಂತಿರೋನು ಒಬ್ಬ ಕೈ ಕೊಟ್ಟಿದ್ರೆ ಸಾಕಾಗಿತ್ತು."

ಅಷ್ಟರಲ್ಲಿ ಟೀಚರು ಮರದ ಬುಡದಿಂದ ಎದ್ದು ಬಂದಿದ್ದರು. ನಾನು, "ನೋಡಿ ಅಮ್ಮ," ಎಂದೆ.

"ನಾನು ನೋಡಲ್ಲ. ನಮ್ಮಮ್ಮ ಹೇಳಿದ್ಲಲ್ಲ, ಸಾಕು ನನಗೆ," ಎಂದರು. ಎತ್ತಿ ನಿಲ್ಲಿಸಿದ ಕಲ್ಲಿನ ಮುಖವನ್ನು ಮಾತ್ರ ಒಮ್ಮೆ ನೋಡಿದರು. "ಬೈಯೋಕಲ್ಲ ಅಣ್ಣ ಇವನನ್ನ ಬೋರಲು ಹಾಕಿದ್ದು. ಕಣ್ಣು ತಪ್ಪಿಸ್ಕೊಂಡು ಹೋಗ್ಬಾರ್ದು ಅಂತ. ಅವರನ್ನೇ ನೋಡ್ತಾ ಇರ್ಲಿ ಅಂತ. ಹೊಗೇಲಿ ಬಾಯಾರಿ ಸತ್ತೋರಿಗೆ ನೀರೂ ಇವನ ಎದೆ ಮೇಲಿಂದಲೇ ಇಳೀಲಿ ಅಂತ."

ಕಲ್ಲು ಚೈನಿನಲ್ಲಿ ತೂಗಿಕೊಂಡೇ ಇತ್ತು. ತೂಗುವ ಕಲ್ಲಿನ ಕೆಳಗೆ ಯೋಚನೆ ಮಾಡುತ್ತಾ ಕೂರಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅವತ್ತು ಎಲ್ಲರೂ ಅದನ್ನೇ ಮಾಡಿದೆವು.

"ಇದು ಹೊರಗೆ ಗೊತ್ತಾದ್ರೆ?" ಎಂದು ಸುಬೇದಾರರು ಕೇಳಿದರು.

ಗೊತ್ತಾದರೆ ಆಗುವುದು ನನಗೆ ಚೆನ್ನಾಗಿ ತಿಳಿದಿತ್ತು. ಅಧಿಕಾರಿಗಳು ಬರುತ್ತಾರೆ, ಹಗೇವು ಅಗೆಯುತ್ತಾರೆ, ಕಲ್ಲು ಒಂದು ಕಡೆ, ಒಳಗಿದ್ದದ್ದು ಚೀಲಗಳಲ್ಲಿ ಇನ್ನೊಂದು ಕಡೆ ಹೋಗುತ್ತವೆ. ಟಿವಿಯವರು ಎರಡೂ ಊರಿನವರನ್ನು ಎದುರು ಬದುರು ಕೂರಿಸುತ್ತಾರೆ. ಮಾರನೇ ದಿನ ಎಲ್ಲರೂ ಪೊಲೀಸ್ ಠಾಣೆಯಲ್ಲಿ. ನಿಯಮದ ಪ್ರಕಾರ ತಿಳಿಸಬೇಕಾದ್ದು ನಾನೇ. ಅದನ್ನೂ ಹೇಳಿದೆ.

"ಅವರನ್ನ ಮತ್ತೆ ಎಳೆದು ಹೊರಗೆ ಹಾಕ್ತಾರಾ?" ಎಂದರು ಟೀಚರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಹೆಂಗಸು ಆಗ ಅತ್ತರು. "ಬೇಡ ಅಣ್ಣ. ನಿಮ್ಮ ದಮ್ಮಯ್ಯ. ಮುಚ್ಚಿಬಿಡಿ."

"ಕಲ್ಲು ತಗೊಂಡು ಹೋಗದೆ ಇದ್ರೆ ನಮ್ಮೂರೋರು ಬಿಡಲ್ಲ. ಇನ್ನೊಬ್ಬನ್ನ ಕರ್ಕೊಂಡು ಬರ್ತಾರೆ," ಎಂದರು ಸುಬೇದಾರರು. ಮಣ್ಣಾದ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. "ಎತ್ತೋವಾಗ ಮುಖ ಸಿಡಿದು ಹೋಯ್ತು, ಚಕ್ಕೆ ಎದ್ದು ಬರೀ ಬಂಡೆ ಉಳೀತು ಅಂತ ಹೇಳಣ. ಬರೀ ಬಂಡೆ ಯಾರಿಗೂ ಬೇಡ."

"ಸಿಡಿಸಿದ್ದು ಯಾರು ಅಂತ ಹೇಳೋದು ಸಾರ್?" ಎಂದೆ.

ಸುಬೇದಾರರು ನನ್ನ ಮುಖ ನೋಡಿದರು. ಟೀಚರೂ ನೋಡಿದರು. ಮೇಸ್ತ್ರಿ ಮಾತ್ರ ನೆಲ ನೋಡಿದ.

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಹೆಸರು ಕೆಡುವುದೊಂದೇ ಅಲ್ಲ. ಈ ಸುಳ್ಳಿನಿಂದ ದಳವಾಯಿಯ ಮಾನವೂ ಉಳಿಯುತ್ತದೆ. ಮಂಟಪದಲ್ಲಿ ಅವನ ಹೆಸರಿಗೆ ಹಾರ ಬೀಳುತ್ತಲೇ ಇರುತ್ತದೆ. "ನಿಮಗೆ ಗುರುತು ಸಿಕ್ತಲ್ಲ ಸಾರ್, ತಲೆ ಬಗ್ಗಿಸ್ತೀನಿ ಅಂದಿದ್ರಿ," ಎಂದುಬಿಟ್ಟೆ. ಅವರು ಕಲ್ಲಿನ ಕಡೆ ಮುಖ ತಿರುಗಿಸಿದರು. ನಾನು ಟೀಚರ ಕಡೆ ತಿರುಗಿ, "ನೀವು ಹೇಳಿದಂಗೆ ಮಾಡ್ತೀನಮ್ಮ. ಎಲ್ಲಾ ಊರಿಗೂ ಗೊತ್ತಾಗ್ಲಿ ಅಂದ್ರೆ ಈಗ್ಲೇ ಫೋನು ಮಾಡ್ತೀನಿ," ಎಂದೆ.

ಟೀಚರು ಕಣ್ಣೊರೆಸಿಕೊಂಡರು. "ಅವರ ಊರಿಗೆ ಗೊತ್ತಾಗಿ ನಮಗೇನಾಗ್ಬೇಕು? ನಮಗೆ ಗೊತ್ತಿತ್ತಲ್ಲ. ಹನ್ನೊಂದನೇ ದಿನ ನೀರು ಬಿಡ್ಬೇಕು. ಅಷ್ಟೇ."

ನಾನು ಚೈನು ಹಿಡಿದೆ. ಇಳಿಸುವುದು ಎತ್ತುವುದಕ್ಕಿಂತ ನಿಧಾನದ ಕೆಲಸ. ತೂತು ಹಗೇವಿನ ಬಾಯಿಗೆ ಸರಿಯಾಗಿ ಕೂರಬೇಕಿತ್ತು. ಮೊದಲ ಸಲ ಒಂದು ಕೈಯಗಲ ತಪ್ಪಿತು. ಮತ್ತೆ ಎತ್ತಿ, ಹಾರೆ ಕೊಟ್ಟು ಸರಿಸಿ, ಇಳಿಸಿದೆವು. ಸುಬೇದಾರರೂ ಹಾರೆ ಹಿಡಿದರು. ಕೊನೆಯ ಮರದ ತುಂಡು ತೆಗೆಯುವ ಮೊದಲು ಅವರು ಬಗ್ಗಿ ಆ ಮುಖವನ್ನು ಇನ್ನೊಮ್ಮೆ ನೋಡಿದರು. ತೆಗೆದೆವು. ಕಲ್ಲು ತನ್ನ ಜಾಗದಲ್ಲಿ ಕೂತಿತು.

ಹನ್ನೊಂದನೇ ದಿನ ನಾನೂ ಹೋಗಿದ್ದೆ. ಟೀಚರು ಬಿರಡೆ ತೆಗೆದು, ಹಿತ್ತಾಳೆ ಕೊಡದಿಂದ ನೀರು ಬಿಟ್ಟರು. ಒಳಗೆ ನೀರು ಬೀಳುವ ಸದ್ದು ಕೇಳಿಸಿತು. ಆಮೇಲೆ ತಾಯಿಯ ಸೀರೆಯನ್ನು ಒದ್ದೆ ಮಾಡಿ ಕಲ್ಲಿಗೆ ಬಡಿದರು. ಊರಿನ ಹೆಂಗಸರು ಒಬ್ಬೊಬ್ಬರೇ ಬಂದು ಒಂದೊಂದು ಚೊಂಬು ಬಿಟ್ಟು ಹೋದರು.

ಮಂಟಪದ ಪೂಜೆಯೂ ನಿಗದಿಯಾದ ದಿನವೇ ನಡೆಯಿತು. ಕಲ್ಲಿನ ಬದಲು ಬಣ್ಣದ ಚಿತ್ರಕ್ಕೆ ಕಟ್ಟು ಹಾಕಿಸಿ ಇಟ್ಟರಂತೆ. ಸುಬೇದಾರರು ಭಾಷಣ ಮಾಡಲಿಲ್ಲವಂತೆ. ನಾನು ಕಲ್ಲು ಒಡೆದೆನೆಂಬ ಕಥೆ ಮಾತ್ರ ಚಿಕ್ಕಬಳ್ಳಾಪುರದವರೆಗೂ ಹೋಯಿತು. ಸಿಗಬೇಕಿದ್ದ ಎರಡು ಕೆಲಸ ಬೇರೆಯವರ ಪಾಲಾದವು.

ಮೊನ್ನೆ ಗೌರಿಬಿದನೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಹೋದಾಗ ಮೇಲಿನ ಊರಿನ ನಾಲ್ಕಾರು ಜನ ಕೂತಿದ್ದರು. ನಡುವೆ ಸುಬೇದಾರರು. ಒಬ್ಬ ನನ್ನನ್ನು ನೋಡಿ ಎಲ್ಲರಿಗೂ ಕೇಳುವಂತೆ, "ಇವನೇ ಕಣ್ರೋ ನಮ್ಮ ದಳವಾಯೀನ ಒಡೆದೋನು. ಎಂಥ ಕೈನಪ್ಪ ನಿಂದು?" ಎಂದ.

ಸುಬೇದಾರರು ಲೋಟ ಕೆಳಗಿಟ್ಟರು. ಏನೋ ಹೇಳಲು ಬಾಯಿ ತೆರೆದರು. ಅವರ ಬಲಗೈ ಮೇಜಿನ ಮೇಲೆ ಅಂಗಾತ ಬಿದ್ದಿತ್ತು, ಬೆರಳು ಬಿಚ್ಚಿಕೊಂಡು, ಯಾರಿಗೋ ಚಾಚಿದ ಹಾಗೆ. ಅವರಿಗಿಂತ ಮೊದಲು ನಾನೇ ಮಾತಾಡಿದೆ.

"ಹೌದಪ್ಪ. ನನ್ನದೇ ಕೈ. ಜಾರಿಬಿಡ್ತು," ಎಂದೆ.

ಸುಬೇದಾರರು ತಲೆ ಬಗ್ಗಿಸಿದರು.